ಬೈಕ್ ಮೇಲೆ ಅಂಟಿ ಒಣಗಿದ ಹುಳ: ಪೇಂಟ್ ಕೆಡದಂತೆ ತೆಗೆಯುವುದು ಹೇಗೆ?

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಸಂಜೆ ಹೆದ್ದಾರಿಯಲ್ಲಿ ಬೈಕ್ ಓಡಿಸಿದರೆ ಹೆಡ್‌ಲೈಟ್ ಬೆಳಕಿಗೆ ಮಳೆಹುಳ ಮುಗಿಬೀಳುತ್ತವೆ. ಅಕ್ಟೋಬರ್-ನವೆಂಬರ್ ಹೊತ್ತಿಗೆ ಗಂಗಾವತಿ, ಸಿಂಧನೂರು, ದಾವಣಗೆರೆ ಕಡೆ ಭತ್ತದ ಗದ್ದೆಗಳ ಮಧ್ಯೆ ಹೋದರೆ ಎಳ್ಳಿನಷ್ಟು ಸಣ್ಣ ಜಿಗಿಹುಳು. ಉಳಿದ ದಿನಗಳಲ್ಲಿ ದುಂಬಿ, ಪತಂಗ, ಮಿಡತೆ, ಆಗೊಂದು ಈಗೊಂದು ಜೇನುಹುಳು. ಊರು ಮುಟ್ಟುವಾಗ ಹೆಡ್‌ಲೈಟ್, ಮುಂದಿನ ಮಡ್‌ಗಾರ್ಡ್, ಟ್ಯಾಂಕಿನ ಮೂತಿ, ಲೆಗ್ ಗಾರ್ಡ್ ಎಲ್ಲದರ ಮೇಲೂ ಹುಳದ ಲೇಪ. ರಾತ್ರಿ ಹತ್ತಕ್ಕೆ ಮನೆಗೆ ಬಂದವರು ಯಾರೂ ಬೈಕ್ ತೊಳೆಯುವುದಿಲ್ಲ. ಮರುದಿನ ಆಫೀಸಿನ ಮುಂದೆ ಬಿಸಿಲಲ್ಲಿ ನಿಲ್ಲಿಸುತ್ತೇವೆ. ಭಾನುವಾರ ಬಕೆಟ್ ಹಿಡಿದು ಬರುವಷ್ಟರಲ್ಲಿ ಅದು ಪೇಂಟಿನ ಭಾಗವೇ ಆಗಿಬಿಟ್ಟಂತೆ ಕಾಣುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹುಳದಿಂದ ಕೆಟ್ಟ ಟ್ಯಾಂಕುಗಳಿಗಿಂತ ಹುಳ ತೆಗೆಯಲು ಹೋಗಿ ಕೆಡಿಸಿದ ಟ್ಯಾಂಕುಗಳೇ ಹೆಚ್ಚು. ಕಲೆ ಹೋಗಿರುತ್ತದೆ, ಆದರೆ ಬಿಸಿಲಿಗೆ ಓರೆಯಾಗಿ ನೋಡಿದರೆ ಆ ಜಾಗದಲ್ಲಿ ಜೇಡರ ಬಲೆಯ ಹಾಗೆ ಗೀರುಗಳು ಹರಡಿರುತ್ತವೆ. ಈ ಕೆಲಸದಲ್ಲಿ ಶಕ್ತಿಗೆ ಕೆಲಸವಿಲ್ಲ. ನೀರು ಮತ್ತು ಸಮಯ ಸಾಕು. ರಾಗಿಮುದ್ದೆ ತಿರುವಿದ ಪಾತ್ರೆಯನ್ನು ಒಣಗಿದ ಮೇಲೆ ಯಾರಾದರೂ ಹಾಗೇ ಉಜ್ಜುತ್ತಾರೆಯೇ? ನೀರು ತುಂಬಿಸಿ ಪಕ್ಕಕ್ಕಿಡುತ್ತಾರೆ. ಇಲ್ಲೂ ಅಷ್ಟೇ.

ಅದು ಇಷ್ಟು ಗಟ್ಟಿಯಾಗಿ ಅಂಟುವುದೇಕೆ

ಹುಳದ ಮೈಯಲ್ಲಿ ಎರಡು ಬಗೆಯ ವಸ್ತುಗಳಿವೆ. ಹೊರಗಿನ ಚಿಪ್ಪು ಕೈಟಿನ್ ಎಂಬ ಗಟ್ಟಿ ಪದಾರ್ಥದ್ದು. ಒಳಗಿನದು ಪ್ರೋಟೀನ್, ಕೊಬ್ಬು, ಜೀರ್ಣರಸ ಸೇರಿದ ದ್ರವ. ಎಂಬತ್ತರ ವೇಗದಲ್ಲಿ ಬಡಿದಾಗ ಚಿಪ್ಪು ಒಡೆದು ದ್ರವ ಪೇಂಟಿನ ಮೇಲೆ ಹರಡುತ್ತದೆ. ಗಾಳಿಗೆ ಅದರ ನೀರಿನಂಶ ಆರಿ, ಪ್ರೋಟೀನ್ ಗೋಂದಿನ ಹಾಗೆ ಬಿಗಿಯುತ್ತದೆ. ಒಡೆದ ಚಿಪ್ಪಿನ ಚೂರುಗಳು ಆ ಗೋಂದಿನಲ್ಲೇ ಸಿಕ್ಕಿಕೊಂಡಿರುತ್ತವೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುವುದಕ್ಕೆ ಈ ಚೂರು ಮತ್ತು ಅದಕ್ಕೆ ಹತ್ತಿದ ರಸ್ತೆ ಧೂಳು ಕಾರಣ.

ನೀವು ಮುಟ್ಟುತ್ತಿರುವುದು ಬಣ್ಣವನ್ನಲ್ಲ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಪದರವನ್ನು. ಸಾಮಾನ್ಯವಾಗಿ ಇದರ ದಪ್ಪ 40-50 ಮೈಕ್ರಾನ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ಬಿಸಿಲಲ್ಲಿ ಟ್ಯಾಂಕು ಕಾದಾಗ ಈ ಪದರ ಸ್ವಲ್ಪ ಮೆತ್ತಗಾಗುತ್ತದೆ, ಹುಳದ ದ್ರವದಲ್ಲಿರುವ ಆಮ್ಲೀಯ ಅಂಶ ಆಗ ಅದನ್ನು ನಿಧಾನವಾಗಿ ತಿನ್ನುತ್ತದೆ. ನೆರಳಲ್ಲಿ ನಿಂತ ಬೈಕಿಗೂ ಬಿಸಿಲಲ್ಲಿ ನಿಂತ ಬೈಕಿಗೂ ಇರುವ ವ್ಯತ್ಯಾಸ ಇದೇ. ಇವತ್ತೇ ತೊಳೆಯಲು ಆಗದಿದ್ದರೆ ಕಡೇಪಕ್ಷ ನೆರಳಿಗೆ ನಿಲ್ಲಿಸಿ.

ಮೊದಲು ಪರೀಕ್ಷೆ

ಎಲ್ಲ ಕಲೆಗೂ ಒಂದೇ ಮದ್ದಲ್ಲ. ತೊಳೆದು ಒರೆಸಿದ ಮೇಲೂ ಉಳಿದ ಗುರುತಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಬೆರಳ ತುದಿ ಮೆಲ್ಲಗೆ ಆಡಿಸಿ. ಕವರ್ ಹಾಕಿಕೊಂಡರೆ ಬರಿಗೈಗೆ ತಿಳಿಯದ ಉಬ್ಬೂ ತಿಳಿಯುತ್ತದೆ.

ಉಬ್ಬು ಸಿಕ್ಕಿದರೆ ಹುಳದ ಅಂಶ ಇನ್ನೂ ಮೇಲೆ ಕೂತಿದೆ, ನೆನೆಸಿದರೆ ಹೋಗುತ್ತದೆ. ಮೇಲ್ಮೈ ನುಣುಪಾಗಿದ್ದು ಮಬ್ಬು ನೆರಳಷ್ಟೇ ಕಾಣುತ್ತಿದ್ದರೆ ಅದು ಕಲೆ, ಪಾಲಿಶ್‌ಗೆ ಬಗ್ಗುತ್ತದೆ. ಹುಳದ ಆಕಾರದಲ್ಲೇ ತಗ್ಗು ಕಂಡರೆ ಕ್ಲಿಯರ್ ಕೋಟ್ ತಿಂದುಹೋಗಿದೆ ಎಂದರ್ಥ. ಇಲ್ಲಿ ತೆಗೆಯಲು ಏನೂ ಉಳಿದಿಲ್ಲ. ಇಲ್ಲದ್ದನ್ನು ಉಜ್ಜಿ ಉಜ್ಜಿ ತೆಗೆಯಲು ಹೋಗುವವರೇ ಕೊನೆಗೆ ಬಣ್ಣ ಕಿತ್ತುಕೊಳ್ಳುವುದು.

ಅಪಾರ್ಟ್‌ಮೆಂಟಿನ ಮೇಲೋ ಹತ್ತಿರದ ಮರದಲ್ಲೋ ಹೆಜ್ಜೇನು ಕಟ್ಟಿದ್ದರೆ ಬೈಕ್ ಮೇಲೆ ಸಾಸಿವೆ ಗಾತ್ರದ ಹಳದಿ ಚುಕ್ಕೆಗಳು ಬೀಳುತ್ತವೆ. ಅದು ಜೇನುಹುಳುಗಳ ಹಿಕ್ಕೆ, ಹೂವಿನ ಪರಾಗ ತುಂಬಿದ್ದು. ಬೈಕ್ ನಿಂತಲ್ಲೇ ನಿಂತಿದ್ದರೂ ಹುಳ ಬಡಿದಂತೆ ಕಂಡರೆ ಇದೇ ಕಾರಣ ಇರಬಹುದು. ತೆಗೆಯುವ ವಿಧಾನ ಅದೇ.

ಬೇಕಾಗುವ ಸಾಮಾನು

ಮೂರು-ನಾಲ್ಕು ಮೈಕ್ರೋಫೈಬರ್ ಬಟ್ಟೆ, ಎರಡು ಬಕೆಟ್, ವಾಹನಕ್ಕೆಂದೇ ಮಾಡಿದ ಶಾಂಪೂ, ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಹಳೆಯ ಮೃದು ಹಲ್ಲುಜ್ಜುವ ಬ್ರಶ್. ಇಷ್ಟಿದ್ದರೆ ಹತ್ತರಲ್ಲಿ ಎಂಟು ಸಲ ಕೆಲಸ ಮುಗಿಯುತ್ತದೆ. ನೆನೆಸಲು ಹಳೇ ಕಾಟನ್ ಪಂಚೆ ಚೆನ್ನಾಗಿಯೇ ಆಗುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಒರೆಸಲು ಮಾತ್ರ ಅದು ಬೇಡ. ಪಂಚೆಯ ನೇಯ್ಗೆ ಚಪ್ಪಟೆ, ಕೊಳೆಯನ್ನು ಒಳಗೆ ಎಳೆದುಕೊಳ್ಳದೆ ಪೇಂಟಿನ ಮೇಲೇ ತಳ್ಳಿಕೊಂಡು ಹೋಗುತ್ತದೆ. ಮೈಕ್ರೋಫೈಬರ್‌ನ ಎಳೆಗಳ ಸಂದಿಗೆ ಅದೇ ಕೊಳೆ ಹೋಗಿ ಕೂರುತ್ತದೆ.

ಹಟಮಾರಿ ಕಲೆಗೆ ಬಗ್ ರಿಮೂವರ್ ಸ್ಪ್ರೇ, ಕ್ಲೇ ಬಾರ್, ಫಿನಿಶಿಂಗ್ ಪಾಲಿಶ್, ಕೊನೆಗೆ ವ್ಯಾಕ್ಸ್ ಬೇಕಾಗಬಹುದು. ಮೊದಲೇ ಎಲ್ಲ ಕೊಂಡು ಇಟ್ಟುಕೊಳ್ಳುವ ಅಗತ್ಯವಿಲ್ಲ. ನೆನೆಸಿ ನೋಡಿ, ಉಳಿದರೆ ಅಂಗಡಿಗೆ ಹೋಗಿ.

ಹಂತ 1: ತಣ್ಣಗಾಗಲು ಬಿಡಿ

ಬೈಕನ್ನು ನೆರಳಲ್ಲಿ ನಿಲ್ಲಿಸಿ, ಎಂಜಿನ್ ಮತ್ತು ಟ್ಯಾಂಕ್ ಕೈಗೆ ತಣ್ಣಗೆ ತಾಗುವವರೆಗೆ ಕಾಯಿರಿ. ಬಿಸಿ ಲೋಹದ ಮೇಲೆ ಶಾಂಪೂ ಕ್ಷಣದಲ್ಲಿ ಒಣಗಿ ತನ್ನದೇ ಕಲೆ ಬಿಡುತ್ತದೆ. ಕಾದ ಸೈಲೆನ್ಸರ್ ಮೇಲೆ ತಣ್ಣೀರು ಸುರಿಯುವುದೂ ಒಳ್ಳೆಯದಲ್ಲ. ಬೆಳಗ್ಗೆ ಏಳರ ಒಳಗೆ ಅಥವಾ ಬಿಸಿಲು ಇಳಿದ ಮೇಲೆ ಕೆಲಸಕ್ಕೆ ಕೂತರೆ ಅರ್ಧ ತೊಂದರೆ ತಾನಾಗಿ ಹೋಗುತ್ತದೆ.

ಹಂತ 2: ನೆನೆಸಿ

ಇದೇ ಮುಖ್ಯ ಹಂತ, ಮತ್ತು ಎಲ್ಲರೂ ಅವಸರ ಮಾಡುವುದೂ ಇಲ್ಲೇ.

ಮೊದಲು ಸಣ್ಣ ಧಾರೆಯಲ್ಲಿ ನೀರು ಬಿಟ್ಟು ಮೇಲಿನ ಧೂಳು ಇಳಿಸಿ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶಾಂಪೂ ಬೆರೆಸಿ, ಬಟ್ಟೆ ಅದ್ದಿ, ಹಿಂಡದೆ ಹುಳ ಅಂಟಿದ ಜಾಗದ ಮೇಲೆ ಹಾಸಿ. ಕುದಿಯುವ ನೀರು ಬೇಡ. ಹೆಡ್‌ಲೈಟಿನ ಸುತ್ತ, ಮಡ್‌ಗಾರ್ಡಿನ ಮೂತಿ ಇಂಥ ಇಳಿಜಾರು ಜಾಗದಲ್ಲಿ ಬಟ್ಟೆ ಜಾರುತ್ತದೆ. ಒದ್ದೆ ಬಟ್ಟೆಯನ್ನು ಸುತ್ತಿ ಮೇಲೊಂದು ಪ್ಲಾಸ್ಟಿಕ್ ಕವರ್ ಹೊದಿಸಿದರೆ ನಿಲ್ಲುತ್ತದೆ, ನೀರೂ ಬೇಗ ಆರುವುದಿಲ್ಲ.

ಅವತ್ತೇ ಬಡಿದ ಹುಳಕ್ಕೆ ಐದು ನಿಮಿಷ. ಒಂದು ವಾರದ್ದಾದರೆ ಹದಿನೈದು-ಇಪ್ಪತ್ತು ನಿಮಿಷ, ನಡುವೆ ಒಂದೆರಡು ಸಲ ಸ್ಪ್ರೇ ಬಾಟಲಿಯಿಂದ ಬಟ್ಟೆಯನ್ನು ಮತ್ತೆ ಒದ್ದೆ ಮಾಡುತ್ತಿರಬೇಕು. ಕಾಫಿ ಕುಡಿದು ಬನ್ನಿ. ಬಟ್ಟೆ ಎತ್ತಿದಾಗ ಹುಳದ ಅರ್ಧ ಭಾಗ ಬಟ್ಟೆಗೇ ಹತ್ತಿಕೊಂಡು ಬಂದರೆ ಸರಿಯಾಗಿ ನೆಂದಿದೆ. ಉಳಿದದ್ದನ್ನು ಬೆರಳಿನಿಂದ ಮುಟ್ಟಿ ನೋಡಿ: ಲೋಳೆಯಾಗಿದ್ದರೆ ಮುಂದಿನ ಹಂತ, ಗರಗರ ಅನ್ನಿಸಿದರೆ ಇನ್ನೊಂದು ಸುತ್ತು ನೆನೆಸಿ. ಎರಡನೇ ಸುತ್ತಿಗೂ ಜಗ್ಗದಿದ್ದರೆ ಮೂರನೆಯದು. ನೆನೆಸುವುದರಿಂದ ಪೇಂಟಿಗೆ ಏನೂ ಆಗುವುದಿಲ್ಲ, ಹೋಗುವುದು ನಿಮ್ಮ ಅರ್ಧ ಗಂಟೆ ಮಾತ್ರ.

ಮಳೆಹುಳದ್ದೊಂದು ವಿಶೇಷವಿದೆ. ರೆಕ್ಕೆ ಬಂದ ಗೆದ್ದಲಾದ್ದರಿಂದ ಅದರ ಮೈತುಂಬ ಕೊಬ್ಬು. ಬರೀ ನೀರಿಗೆ ಅದು ಬಿಡುವುದಿಲ್ಲ, ಜಿಡ್ಡು ಬಳಿದಂತೆ ಹರಡುತ್ತದೆ. ಅದಕ್ಕೆ ಶಾಂಪೂ ಸ್ವಲ್ಪ ಜಾಸ್ತಿ ಇರಲಿ. ದುಂಬಿಯಾದರೆ ಇದಕ್ಕೆ ತದ್ವಿರುದ್ಧ: ಜಿಡ್ಡು ಕಡಿಮೆ, ಚಿಪ್ಪು ಗಟ್ಟಿ. ಅದನ್ನು ಒರೆಸಬಾರದು, ನೆಂದ ಮೇಲೆ ಬಟ್ಟೆಯ ಮೂಲೆಯಲ್ಲಿ ಹಿಡಿದು ಎತ್ತಿ ತೆಗೆಯಬೇಕು.

ಹಂತ 3: ತೊಳೆಯಿರಿ

ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ, ಮೇಲಿನಿಂದ ಕೆಳಕ್ಕೆ ನೇರ ಗೆರೆಯಲ್ಲಿ ಒರೆಸಿ, ಬರೀ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂ. ಸುತ್ತುಸುತ್ತಾಗಿ ಉಜ್ಜಬೇಡಿ. ಹುಳ ಇದ್ದ ಜಾಗಕ್ಕೆ ಬಳಸಿದ ಬಟ್ಟೆಯನ್ನು ಬೇರೆ ಕಡೆ ಆಡಿಸಬೇಡಿ, ಚಿಪ್ಪಿನ ಚೂರು ಅದರಲ್ಲೇ ಕೂತಿರುತ್ತದೆ. ಬ್ಯಾಡ್ಜ್, ಇಂಡಿಕೇಟರ್ ಬುಡ, ಹೆಡ್‌ಲೈಟ್ ರಿಂಗಿನ ಸಂದಿಗೆ ಹಲ್ಲುಜ್ಜುವ ಬ್ರಶ್.

ನೀರಿನ ಬಗ್ಗೆ ಒಂದು ಮಾತು. ಬೋರ್‌ವೆಲ್ ನೀರು ಗಡಸಾಗಿರುವ ಊರುಗಳಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಉಪ್ಪಿನ ಚುಕ್ಕೆ ಉಳಿಯುತ್ತದೆ. ಹುಳ ಹೋಗಿ ಇನ್ನೊಂದು ತಲೆನೋವು. ಮನೆಯ ಆರ್‌ಒ ಯಂತ್ರ ಶುದ್ಧೀಕರಿಸುವಾಗ ಹೊರಬಿಡುವ ತ್ಯಾಜ್ಯ ನೀರನ್ನು ಗಾಡಿ ತೊಳೆಯಲು ಹಿಡಿದಿಡುವವರು ಬಹಳ ಜನ. ಆ ನೀರಿನಲ್ಲಿ ಲವಣ ಇನ್ನೂ ಹೆಚ್ಚು, ಟಯರ್ ತೊಳೆಯಲು ಸರಿ, ಟ್ಯಾಂಕಿನ ಕೊನೆಯ ಜಾಲಿಕೆಗೆ ಬೇಡ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದು ನೆನಪಿರಬಹುದು. ಪೈಪ್ ಹಿಡಿಯದೆ ಬಕೆಟ್ಟಿನಲ್ಲೇ ಮುಗಿಸುವ ಈ ವಿಧಾನಕ್ಕೆ ನೀರು ಕಡಿಮೆ ಸಾಕು. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಮೆದು ನೀರು ಸಿಗದು. ಯಾವ ನೀರಾದರೂ ಸರಿ, ಆರುವ ಮೊದಲೇ ಒಣ ಮೈಕ್ರೋಫೈಬರ್‌ನಿಂದ ಒತ್ತಿ ತೆಗೆಯಿರಿ.

ಹಂತ 4: ಇನ್ನೂ ಉಬ್ಬು ಉಳಿದಿದ್ದರೆ

ಈಗ ಬಗ್ ರಿಮೂವರ್. ಸಿಂಪಡಿಸಿ, ಡಬ್ಬದ ಮೇಲೆ ಬರೆದಷ್ಟೇ ಹೊತ್ತು ಬಿಟ್ಟು, ಒಣಗುವ ಮೊದಲೇ ತೊಳೆಯಿರಿ. ಇವುಗಳಲ್ಲಿ ಹಲವು ಕ್ಷಾರೀಯ. ಬಣ್ಣವಿಲ್ಲದ ಬರೀ ಅಲ್ಯೂಮಿನಿಯಂ ಮತ್ತು ಆನೊಡೈಸ್ ಮಾಡಿದ ಭಾಗಗಳ ಮೇಲೆ ಬಿದ್ದು ಒಣಗಿದರೆ ಮಬ್ಬು ಕಲೆ ನಿಂತುಬಿಡುತ್ತದೆ. ಎಂಜಿನ್ ಕವರ್, ಹ್ಯಾಂಡಲ್ ಕ್ಲ್ಯಾಂಪ್ ಕಡೆ ಹಾರದಂತೆ, ನೇರವಾಗಿ ಸಿಂಪಡಿಸದೆ ಬಟ್ಟೆಗೆ ಹಾಕಿಕೊಂಡು ಒತ್ತುವುದೇ ವಾಸಿ.

ತುಕ್ಕು ಹಿಡಿದ ನಟ್ ಸಡಿಲಿಸಲು ಬಳಸುವ ಡಬ್ಲ್ಯೂಡಿ-40 ಸ್ಪ್ರೇ ಹಲವು ಮನೆಗಳಲ್ಲಿ ಇರುತ್ತದೆ. ಹುಳಕ್ಕೂ ಟಾರಿಗೂ ಅದು ಕೆಲಸ ಮಾಡುತ್ತದೆ. ಬಟ್ಟೆಗೆ ಸ್ವಲ್ಪ ಹಾಕಿ ಒಂದೆರಡು ನಿಮಿಷ ಕಲೆಯ ಮೇಲೆ ಒತ್ತಿಹಿಡಿದು, ಕೂಡಲೇ ಶಾಂಪೂವಿನಿಂದ ತೊಳೆದು ಎಣ್ಣೆಯ ಪೊರೆ ತೆಗೆಯಬೇಕು. ಮುಂದಿನ ಬ್ರೇಕ್ ಡಿಸ್ಕ್ ಹತ್ತಿರ ಮಾತ್ರ ಇದನ್ನು ತರಲೇಬೇಡಿ. ಡಿಸ್ಕ್ ಮೇಲೆ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಮಡ್‌ಗಾರ್ಡ್‌ಗೆ ಸ್ಪ್ರೇ ಮಾಡುವಾಗ ಡಿಸ್ಕ್ ಒಂದು ಗೇಣು ದೂರದಲ್ಲೇ ಇರುತ್ತದೆ ಎಂಬುದು ಮರೆತುಹೋಗುತ್ತದೆ.

ಕಣ್ಣಿಗೆ ಕಾಣದ, ಕವರ್ ಹಾಕಿದ ಬೆರಳಿಗೆ ಮಾತ್ರ ತಿಳಿಯುವ ಒರಟಿಗೆ ಕ್ಲೇ ಬಾರ್. ಜೇಡಿಮಣ್ಣಿನಂಥ ಈ ಉಂಡೆಯನ್ನು ಚಪ್ಪಟೆ ಮಾಡಿ, ಜಾಗವನ್ನು ಶಾಂಪೂ ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ, ಒತ್ತಡ ಹಾಕದೆ ಜಾರಿಸಬೇಕು. ಮೊದಮೊದಲು ತಡೆದಂತೆ ಆಗಿ ಆಮೇಲೆ ನುಣ್ಣಗೆ ಜಾರಲು ಶುರುವಾದರೆ ಮುಗಿಯಿತು. ಉಂಡೆ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಅದಕ್ಕೆ ಹತ್ತಿದ ಒಂದು ಮರಳ ಕಣ ಸಾಕು.

ಹಂತ 5: ಮಬ್ಬು ಕಲೆಗೆ ಪಾಲಿಶ್

ಇದು ಹೊಳೆಯುವ ಪೇಂಟಿಗೆ ಮಾತ್ರ. ಪಾಲಿಶ್ ಅಂದರೆ ಕ್ಲಿಯರ್ ಕೋಟನ್ನು ಕೂದಲೆಳೆಗಿಂತ ತೆಳ್ಳಗೆ ಸವೆಸುವುದು, ಆದ್ದರಿಂದ ವರ್ಷಕ್ಕೊಮ್ಮೆ ಮಾಡುವ ಕೆಲಸವೇ ಹೊರತು ವಾರಕ್ಕೊಮ್ಮೆ ಅಲ್ಲ. ಫೋಮ್ ಪ್ಯಾಡ್‌ಗೆ ಕಡಲೆಕಾಳಿನಷ್ಟು ಫಿನಿಶಿಂಗ್ ಪಾಲಿಶ್ ತೆಗೆದುಕೊಂಡು, ಅಂಗೈ ಅಗಲದ ಜಾಗದಲ್ಲಿ ಹಗುರವಾಗಿ ಆಡಿಸಿ, ಒರೆಸಿ, ನೋಡಿ. ರಬ್ಬಿಂಗ್ ಕಾಂಪೌಂಡ್ ಇದಕ್ಕಿಂತ ಒರಟು, ಅದರಿಂದ ಆರಂಭಿಸಬೇಡಿ. ಟ್ಯಾಂಕಿನ ಅಂಚು, ಮೂಲೆಗಳಲ್ಲಿ ಪೇಂಟ್ ತೆಳ್ಳಗಿರುತ್ತದೆ, ಅಲ್ಲಿ ಬೇಗ ಬಣ್ಣ ಕಿತ್ತು ಬರುತ್ತದೆ. ಪ್ಯಾಡಿನಲ್ಲಿ ಟ್ಯಾಂಕಿನ ಬಣ್ಣವೇ ಕಾಣತೊಡಗಿದರೆ ಕ್ಲಿಯರ್ ಕೋಟ್ ಮುಗಿದಿದೆ ಅಥವಾ ಅಲ್ಲಿ ಮೊದಲಿಂದಲೂ ಇರಲಿಲ್ಲ. ಯಾವುದೇ ಆದರೂ ಅಲ್ಲಿಗೇ ನಿಲ್ಲಿಸಿ.

ಪಾಲಿಶ್‌ನ ಎಣ್ಣೆ ಕಲೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಮೋಸ ಮಾಡುವುದುಂಟು. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸಮ ಪ್ರಮಾಣ ನೀರು ಬೆರೆಸಿ ಒಮ್ಮೆ ಒರೆಸಿದರೆ ನಿಜಸ್ಥಿತಿ ತಿಳಿಯುತ್ತದೆ.

ಸ್ಟಿಕರ್ ಮತ್ತು ಗೆರೆಗಳ ಬಗ್ಗೆ ಎಚ್ಚರ. ಸ್ಟಿಕರಿನ ಅಂಚು ಉಗುರಿಗೆ ತಾಗಿದರೆ ಅದು ಕ್ಲಿಯರ್ ಕೋಟಿನ ಮೇಲಿದೆ. ಪಾಲಿಶ್, ಕ್ಲೇ ಎರಡೂ ಅಂಚನ್ನು ಎಬ್ಬಿಸುತ್ತವೆ. ಬುಲೆಟ್ ಟ್ಯಾಂಕಿನ ಮೇಲೆ ಕೈಯಲ್ಲಿ ಎಳೆದ ಚಿನ್ನದ ಗೆರೆ ಇದ್ದರೆ ಅದರ ಮೇಲೂ ನೆನೆಸುವುದಷ್ಟೇ, ಉಜ್ಜುವಂತಿಲ್ಲ.

ತಗ್ಗು ಬಿದ್ದ ಕಲೆಗೆ ಮನೆಮದ್ದಿಲ್ಲ. ತೆಳುವಾಗಿದ್ದರೆ ಡೀಟೇಲಿಂಗ್ ಅಂಗಡಿಯಲ್ಲಿ ಯಂತ್ರದ ಪಾಲಿಶ್ ಹಾಕಿ ಅಂಚು ಮೊಂಡಾಗಿಸುತ್ತಾರೆ, ದೂರಕ್ಕೆ ಕಾಣದಂತಾಗುತ್ತದೆ. ಆಳವಾಗಿದ್ದರೆ ಆ ಭಾಗಕ್ಕೆ ಹೊಸ ಪೇಂಟೇ ಗತಿ. ನನ್ನನ್ನು ಕೇಳಿದರೆ, ಒಂದೆರಡು ಸಣ್ಣ ತಗ್ಗಿಗಾಗಿ ಕಂಪನಿಯ ಪೇಂಟ್ ಕೆರೆಸಬೇಡಿ. ಹೊರಗೆ ಹೊಡೆಸಿದ ಪೇಂಟು ಫ್ಯಾಕ್ಟರಿಯದರಷ್ಟು ಬಾಳುವುದು ಅಪರೂಪ, ಬಣ್ಣ ಹೊಂದಿಕೆಯಾಗುವುದು ಇನ್ನೂ ಅಪರೂಪ.

ಮ್ಯಾಟ್ ಪೇಂಟ್ ಇದ್ದವರಿಗೆ

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸ್ಟೆಲ್ತ್ ಬ್ಲ್ಯಾಕ್‌ನಂಥ ಮ್ಯಾಟ್ (ಹೊಳಪಿಲ್ಲದ) ಬಣ್ಣದ ಬೈಕ್ ನಿಮ್ಮದಾದರೆ ನಿಮಗಿರುವ ದಾರಿ ನೆನೆಸುವುದು ಒಂದೇ. ಮ್ಯಾಟ್ ಮೇಲ್ಮೈ ಮಂದವಾಗಿ ಕಾಣುವುದು ಅದರ ಮೇಲಿರುವ ಅತಿ ಸೂಕ್ಷ್ಮ ಒರಟಿನಿಂದ. ಪಾಲಿಶ್, ಕ್ಲೇ, ಮಾಮೂಲಿ ವ್ಯಾಕ್ಸ್, ಕೊನೆಗೆ ಒಂದೇ ಕಡೆ ಒತ್ತಿ ಉಜ್ಜಿದರೂ ಆ ಒರಟು ಸವೆದು ಅಲ್ಲಿ ಮಾತ್ರ ಹೊಳಪು ಬರುತ್ತದೆ. ಹಾಗೆ ಬಂದ ಹೊಳಪನ್ನು ಮತ್ತೆ ಮ್ಯಾಟ್ ಮಾಡಲು ಯಾವ ಕ್ರೀಮೂ ಇಲ್ಲ. ಅಂಗಡಿಯವರು ಫೋಮ್ ವಾಶ್ ಜೊತೆ ಪಾಲಿಶ್ ಫ್ರೀ ಅಂದರೂ ಬೇಡ ಅನ್ನಿ. ಮ್ಯಾಟ್‌ನಲ್ಲಿ ಹುಳ ಒಣಗಲು ಬಿಡಬಾರದು, ಅಷ್ಟೇ.

ಬಂಕ್ ಪಕ್ಕದ ಸಲಹೆಗಳು

"ಒಂದು ಚೂರು ಪೆಟ್ರೋಲ್ ಹಚ್ಚಿ ಒರೆಸಿ ಸಾರ್, ಹೊಳೆಯುತ್ತೆ." ಹೊಳೆಯುವುದು ನಿಜ, ಒಂದು ದಿನ. ಪೆಟ್ರೋಲು ವ್ಯಾಕ್ಸ್ ಪದರವನ್ನು ತೆಗೆಯುತ್ತದೆ, ಸ್ಟಿಕರಿನ ಅಂಟು ಸಡಿಲಿಸುತ್ತದೆ, ಪ್ಲಾಸ್ಟಿಕ್ ಮಂಕಾಗಿಸುತ್ತದೆ. ಬಿಸಿ ಎಂಜಿನ್ ಪಕ್ಕ ಬೆಂಕಿಯ ಭಯ ಬೇರೆ. ಸೀಮೆಎಣ್ಣೆ, ಡೀಸೆಲ್ ಜಿಡ್ಡು ಬಿಟ್ಟು ಧೂಳು ಎಳೆಯುತ್ತವೆ. ಪಾತ್ರೆ ತೊಳೆಯುವ ಹಸಿರು ನಾರು ಪೇಂಟಿಗೆ ಉಪ್ಪುಕಾಗದವೇ ಸರಿ. ಟೂತ್‌ಪೇಸ್ಟ್, ಅಡುಗೆ ಸೋಡಾದ ಪೇಸ್ಟ್ ಎರಡೂ ಎಷ್ಟು ಒರಟೆಂದು ಲೆಕ್ಕವಿಲ್ಲದ ಪಾಲಿಶ್. ಪಾತ್ರೆ ತೊಳೆಯುವ ಲಿಕ್ವಿಡ್ ಅಪರೂಪಕ್ಕೆ ತೊಂದರೆಯಿಲ್ಲ, ಆದರೆ ವ್ಯಾಕ್ಸ್ ತೊಳೆದುಕೊಂಡು ಹೋಗುತ್ತದೆ. ವಾಟರ್ ಸರ್ವಿಸ್‌ನ ಜೋರು ಧಾರೆ ಒಣಗಿದ ಹುಳವನ್ನು ಕೀಳುವುದಕ್ಕಿಂತ ಬೇರಿಂಗು, ಹಾರ್ನು, ಕೀ ಹೋಲಿನೊಳಗೆ ನೀರು ನುಗ್ಗಿಸುವುದೇ ಹೆಚ್ಚು.

ಪೇಂಟ್ ಅಲ್ಲದ ಜಾಗಗಳು

ಟ್ಯಾಂಕ್ ಫಳಫಳ ಮಾಡಿ ಮುಂದಿನ ಶಾಕ್ ಅಬ್ಸರ್ಬರಿನ ಹೊಳೆಯುವ ಪೈಪುಗಳನ್ನು ಮರೆಯುತ್ತೇವೆ. ಪೈಪು ಬರಿದಾಗಿ ಕಾಣುವ ಬೈಕುಗಳಲ್ಲಿ ಅಲ್ಲಿ ಅಂಟಿದ ಹುಳ ಗಾರೆಯಂತೆ ಗಟ್ಟಿಯಾಗಿ, ಶಾಕ್ ಕೆಳಗಿಳಿದಾಗಲೆಲ್ಲ ಸೀಲಿನ ತುಟಿಯನ್ನು ಕೆರೆಯುತ್ತದೆ. ಕೆಲ ದಿನಕ್ಕೆ ಆಯಿಲ್ ಸೀಲ್ ಸೋರುತ್ತದೆ, ಎಣ್ಣೆ ಇಳಿದು ಬ್ರೇಕಿನವರೆಗೂ ಬರಬಹುದು. ದೂರದ ಪ್ರಯಾಣದ ಮೇಲೆ ಮೊದಲು ಒರೆಸಬೇಕಾದ್ದು ಟ್ಯಾಂಕಲ್ಲ, ಈ ಪೈಪು. ಒದ್ದೆ ಬಟ್ಟೆ ಸುತ್ತಿ ನೆನೆಸಿ, ಉಗುರು-ಬ್ಲೇಡು ಹಾಕದೆ ಒರೆಸಿ.

ರೇಡಿಯೇಟರ್ ಇರುವ ಬೈಕಾದರೆ ಅದರ ಜಾಲರಿಯಲ್ಲಿ ತುಂಬಿದ ಹುಳ ಗಾಳಿಗೆ ಅಡ್ಡವಾಗಿ ಎಂಜಿನ್ ಕಾಯುತ್ತದೆ. ಶಾಂಪೂ ನೀರು ಚಿಮುಕಿಸಿ ನೆನೆಸಿ, ಮೆದು ಬ್ರಶ್‌ನಿಂದ ರೆಕ್ಕೆಗಳ ಉದ್ದಕ್ಕೇ ಆಡಿಸಿ, ಸಣ್ಣ ಧಾರೆಯಲ್ಲಿ ಇಳಿಸಿ. ಪ್ರೆಶರ್ ಹೊಡೆದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ವಿಂಡ್‌ಸ್ಕ್ರೀನ್, ಹೆಡ್‌ಲೈಟ್ ಕವರ್, ಹೆಲ್ಮೆಟ್ ವೈಸರ್ ಗಾಜಲ್ಲ, ಪ್ಲಾಸ್ಟಿಕ್. ಮನೆಯ ಕಿಟಕಿ ಒರೆಸುವ ಅಮೋನಿಯ ಇರುವ ದ್ರವ, ಆಲ್ಕೊಹಾಲ್, ಪೆಟ್ರೋಲ್ ತಾಗಿದರೆ ಕೂದಲಿನಂಥ ಬಿರುಕು ಬಿಡುತ್ತವೆ. ಬರೀ ನೀರಿನಲ್ಲಿ ನೆನೆಸಿದ ಟಿಶ್ಯೂ ಅಥವಾ ಬಟ್ಟೆಯನ್ನು ವೈಸರ್ ಮೇಲೆ ಹಾಸಿ ಹತ್ತು ನಿಮಿಷ ಬಿಟ್ಟರೆ ಹುಳ ತಾನಾಗಿ ಜಾರುತ್ತದೆ.

ಮುಂದಿನ ಸಲಕ್ಕೆ

ತೊಳೆದು ಒಣಗಿದ ಪೇಂಟಿಗೆ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಿಡಿ. ಹುಳ ಬಡಿಯುವುದನ್ನು ಅದು ತಡೆಯುವುದಿಲ್ಲ, ಆದರೆ ಹುಳ ಹಿಡಿಯುವುದು ವ್ಯಾಕ್ಸನ್ನು, ಪೇಂಟನ್ನಲ್ಲ. ನೆನೆಸಿದರೆ ಬೇಗ ಬಿಡುತ್ತದೆ. ಸೆರಾಮಿಕ್ ಕೋಟಿಂಗ್ ಇದನ್ನೇ ಹೆಚ್ಚು ಕಾಲ ಮಾಡುತ್ತದೆ. ಕೋಟಿಂಗ್ ಇದೆ ಎಂದು ವಾರಗಟ್ಟಲೆ ಹುಳ ಬಿಟ್ಟರೆ ಅದರ ಮೇಲೂ ಗುರುತು ನಿಲ್ಲುತ್ತದೆ. ತಿಂಗಳಿಗೆ ಹಲವು ಸಲ ಹೆದ್ದಾರಿ ಓಡಿಸುವವರು ಟ್ಯಾಂಕಿನ ಮುಂಭಾಗ ಮತ್ತು ಹೆಡ್‌ಲೈಟಿಗಷ್ಟೇ ಪಾರದರ್ಶಕ ಪಿಪಿಎಫ್ (ಪೇಂಟ್ ಕಾಪಾಡಲು ಅಂಟಿಸುವ ಪ್ಲಾಸ್ಟಿಕ್ ಹಾಳೆ) ಹಾಕಿಸಿದರೆ ಸಾಕು, ಇಡೀ ಬೈಕಿಗೆ ದುಡ್ಡು ಸುರಿಯಬೇಕಿಲ್ಲ. ವ್ಯಾಕ್ಸ್ ಸೀಟಿಗೆ, ಟಯರಿಗೆ, ಡಿಸ್ಕಿಗೆ ತಾಗಬಾರದು ಎಂದು ಬೇರೆ ಹೇಳಬೇಕಿಲ್ಲ ತಾನೆ?

ಇಷ್ಟೆಲ್ಲ ತಪ್ಪಿಸುವ ಉಪಾಯವೂ ಇದೆ. ಟ್ಯಾಂಕ್ ಬ್ಯಾಗಿನಲ್ಲಿ ಅರ್ಧ ಲೀಟರಿನ ಸ್ಪ್ರೇ ಬಾಟಲಿಯಲ್ಲಿ ನಾಲ್ಕು ಹನಿ ಶಾಂಪೂ ಹಾಕಿದ ನೀರು, ಜಿಪ್ ಕವರಿನಲ್ಲಿ ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ. ಶಿರಾದಲ್ಲೋ ಹಿರಿಯೂರಿನಲ್ಲೋ ಚಹಾಕ್ಕೆ ನಿಂತಾಗ ಟ್ಯಾಂಕ್ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡಿ, ಸಿಂಪಡಿಸಿ, ಬಟ್ಟೆ ಹಾಸಿ, ತಿಂಡಿಗೆ ಕೂರಿ. ಎದ್ದು ಬಂದಾಗ ಒಂದೇ ಸಲ ಮೇಲಿಂದ ಕೆಳಕ್ಕೆ ಎಳೆದು ತೆಗೆಯಿರಿ. ಎರಡನೇ ಬಟ್ಟೆ ವೈಸರಿಗೆ. ಎರಡನ್ನೂ ಅದಲುಬದಲು ಮಾಡಬೇಡಿ. ಹೊರಡುವಾಗ ಮೊದಲ ನೂರು ಮೀಟರಿನಲ್ಲಿ ಎರಡೂ ಬ್ರೇಕನ್ನು ಹಗುರವಾಗಿ ಒಂದೆರಡು ಬಾರಿ ಹಿಡಿದು ನೀರು ಆರಿಸಿಕೊಳ್ಳಿ.